ಬೀಜವಿಲ್ಲದ ಕಿತ್ತಳೆಯ ಬೀಜ

ಹಣ್ಣು ಕೆಡದಂತೆ ಇಡುವುದು ಹೇಗೆಂದು ಊರೂರಿಗೆ ಹೇಳುವುದು ಆಗ ನನ್ನ ನೌಕರಿ. ನಿಲ್ಕುಂದದಲ್ಲಿ ನಾನು ಉಳಿದ ಮನೆಯ ಬಸುರಿ ಮೊಮ್ಮಗಳು ಏನು ತಿಂದರೂ ಕಾರುತ್ತಿದ್ದಳು. ನನ್ನ ಬುಟ್ಟಿಯಲ್ಲಿದ್ದ ಮುಂಬಯಿಯ ಬೀಜವಿಲ್ಲದ ಕಿತ್ತಳೆ ಕಂಡು ಕೈಚಾಚಿದಳು.

ಅಜ್ಜಿ ಅಡ್ಡ ಬಂದಳು. "ಬೀಜ ಇಲ್ದೇ ಇದ್ದ ಹಣ್ಣ ಬಸರಿಗೆ ಕೊಡ್ತ್ವನ ತಮಾ? ಎಂತ ಓದಿದ್ದೆ ನೀನು?"

ಕಿತ್ತಳೆಯ ಜೀವಸತ್ವ ಇರುವುದು ತೊಳೆಯಲ್ಲಿ, ಬೀಜದಲ್ಲಲ್ಲ ಎಂದು ವಿವರಿಸಿದೆ. ಅಷ್ಟರಲ್ಲಿ ಅಜ್ಜಿ ಹಿತ್ತಲಿನ ಕಂಚಿಕಾಯಿ ಎಂಬ ದೊಡ್ಡ ಹುಳಿನಿಂಬೆ ಸೀಳಿ, ಅದರ ಬೀಜಗಳನ್ನು ಕಡ್ಡಿಯಿಂದ ನನ್ನ ಕಿತ್ತಳೆಯೊಳಗೆ ತುರುಕತೊಡಗಿದ್ದಳು.

"ಸಿಪ್ಪೆ ತೂತಾದರೆ, ತಂಪಾಗಿ ಗಾಳಿಯಾಡುವಲ್ಲಿ ಇಟ್ಟರೂ ಹಣ್ಣು ಕೊಳೆಯುತ್ತದೆ" ಎಂದೆ.

"ಇಡದು ಎಂತಕ್ಕೆ? ಈಗ್ಲೇ ತಿಂತು ಅದು." ಅಜ್ಜಿ ಮೊಮ್ಮಗಳತ್ತ ಕೈ ತೋರಿದಳು.

"ಬೇಗ ಕೊಡೇ ಅಮ್ಮಮ್ಮ" ಎಂದಳು ಮೊಮ್ಮಗಳು. ತಿಂದಳು, ಬೀಜ ಉಗುಳಿದಳು, ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಉಗುಳಿದ ಬೀಜಗಳನ್ನು ಅಜ್ಜಿ ತೊಳೆದು ಬೂದಿಯಲ್ಲಿ ಹೊರಳಿಸಿಟ್ಟಳು.

ಮರುವರ್ಷ ಹೋದಾಗ ಮಗು ಜಗಲಿಯಲ್ಲಿ ತೆವಳುತ್ತಿತ್ತು. ಹೊರಡುವಾಗ ಅಜ್ಜಿ ನನ್ನ ಕೈಗೆ ಒಂದು ಸಸಿ ಕೊಟ್ಟಳು.

"ನಿನ್ನ ಹಣ್ಣಿನ ಬೀಜದ್ದೇ, ತಮಾ. ಒಳ್ಳೇ ಜಾತಿ. ಇದ್ರಲ್ಲಿ ಬೀಜ ಆಗ್ತಿಲ್ಲೆ."

ಕಚೇರಿಯ ಹಿಂದೆ ನೆಟ್ಟೆ. ಕಂಚಿ ಎಂದೋ ಕಿತ್ತಳೆ ಎಂದೋ ಹೆಸರಿನ ಹಲಗೆ ಹಾಕಲು ಮಾತ್ರ ನಾನು ಓದಿದ ಪದವಿ ಸಾಲಲಿಲ್ಲ.