ತೋಳಿಗೆ ಸಾಕಾಗದ ಪಟ್ಟಿ

ಬಿ.ಪಿ. ನೋಡಲು ನರ್ಸ್ ಸುತ್ತಿದ ಪಟ್ಟಿ ಎರಡನೇ ಸಲವೂ ಚರ್ರೆಂದು ಬಿಚ್ಚಿಕೊಂಡಿತು. ನಮ್ಮ ಕೊಪ್ಪದ ಆಸ್ಪತ್ರೆಯಲ್ಲಿ ನನಗಿಂತ ಮುಂದೆ ತೋಳು ಚಾಚಿ ಕುಳಿತಿದ್ದವರು ಪೇಟೆಯಲ್ಲಿ ಊದುಬತ್ತಿ ಮಾರುವ ಮಂಜಪ್ಪ. ಪೋಲಿಯೋದಿಂದ ಅವರ ಕಾಲುಗಳು ಚಿಕ್ಕಂದಿನಲ್ಲೇ ಸೊರಗಿವೆ. ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ವರ್ಷಗಟ್ಟಲೆ ನಮ್ಮೂರಿನ ಏರು ಹತ್ತಿ ಹತ್ತಿ ತೋಳು ಮಾತ್ರ ತೊಡೆಯಷ್ಟು ದಪ್ಪವಾಗಿದೆ.

"ಕಾಲಿಗೆ ಕಟ್ಟಿ ನೋಡಿ ಸಿಸ್ಟರ್, ಅಲ್ಲಿ ಬೇಕಾದಷ್ಟು ಜಾಗ ಇದೆ" ಅಂದರು ಮಂಜಪ್ಪ.

ನಗಬೇಕೋ ಬೇಡವೋ ತಿಳಿಯದೆ ನರ್ಸ್ ಒಳಗೆ ಹೋಗಿ ದೊಡ್ಡ ಪಟ್ಟಿ ತಂದರು. ಬಿ.ಪಿ. ಸರಿಯಾಗಿತ್ತು. ನಾಡಿ ಎಷ್ಟು ನಿಧಾನವಾಗಿತ್ತೆಂದರೆ, ತಲೆ ಸುತ್ತುತ್ತದೆಯೇ ಎಂದು ನರ್ಸ್ ಕೇಳಿದರು. ಏರು ಹತ್ತುವಾಗಲೂ ಸುತ್ತುವುದಿಲ್ಲ ಎಂದರು ಮಂಜಪ್ಪ. ಹಾಗಾದರೆ ಇದು ಗಟ್ಟಿ ಗುಂಡಿಗೆಯ ನಾಡಿ ಎಂದರು ನರ್ಸ್.

ನನ್ನ ತೋಳಿಗೆ ಮೊದಲಿನ ಪಟ್ಟಿಯೇ ಸಾಕಾಗಿ ಮಿಕ್ಕಿತು. ಬಿ.ಪಿ. ಜಾಸ್ತಿಯಿತ್ತು. "ವಾಕಿಂಗ್ ಮಾಡ್ತೀರಾ?" ಎಂದು ನರ್ಸ್ ಕೇಳಿದರು. ಮಂಜಪ್ಪನವರೂ ನನ್ನ ಉತ್ತರಕ್ಕೆ ಕಾದು ಕುಳಿತರು.

ಬಸ್ ಸ್ಟ್ಯಾಂಡಿನಿಂದ ನಾನು ಆಟೋದಲ್ಲಿ ಬಂದಿದ್ದೆ, ಆಟೋದವನಿಗೆ ಹೊರಗೆ ಕಾಯಲು ಬೇರೆ ಹೇಳಿದ್ದೆ. 'ನಮ್ಮೂರಲ್ಲಿ ಬರೀ ಏರು ಸಿಸ್ಟರ್' ಎಂದು ಪ್ರತಿ ಸಲ ಹೇಳುತ್ತಿದ್ದ ನೆಪ ಅವತ್ತು ಬಾಯಿಗೆ ಬರಲಿಲ್ಲ. ಆಮೇಲೂ ಬಂದಿಲ್ಲ.