ಊದಿನಕಡ್ಡಿಗೆ ಸೋಲದ ಗುಲಾಬಿ

ಸೂರ್ಯನಿನ್ನೂ ಅಹಮದಾಬಾದಿನ ನರೋಡಾದ ಚಿಮಣಿಗಳ ಹಿಂದೆಯೇ ಇದ್ದಾನೆ. ಬಣ್ಣದ ಕಾರ್ಖಾನೆಯೊಂದರ ಹಿತ್ತಲಿನ ಲ್ಯಾಬಿನಲ್ಲಿ ತುಂಗಾ ಆಳೆತ್ತರದ ಸ್ಟೀಲ್ ಟ್ಯಾಂಕಿನ ನಲ್ಲಿ ತಿರುಗಿಸಿ, ತೆಳು ಗಂಜಿಯಂಥ ದ್ರವವನ್ನು ಗಾಜಿನ ಕುಪ್ಪಿಗೆ ಹಿಡಿಯುತ್ತಾರೆ. ಕಣ್ಣು ಮುಚ್ಚಿ ಮೂಗು ಬಗ್ಗಿಸಬೇಕು, ಅಷ್ಟರಲ್ಲಿ ಬೆನ್ನ ಹಿಂದಿನಿಂದ ಗುಲಾಬಿ ಘಮ್ಮೆನ್ನುತ್ತದೆ. ಬಾಗಿಲಲ್ಲಿ ಮಾಲೀಕ ರಮಣಿಕ್‌ಭಾಯಿ, ಕೈಯಲ್ಲಿ ಹೊಗೆಯಾಡುವ ಊದಿನಕಡ್ಡಿ.

"ಅಯ್ಯೋ ಶಿವನೇ, ಮತ್ತೆ ತಂದ್ರಾ! ಬಾಹರ್, ಭಾಯಿ, ಬಾಹರ್!"

"ಅರೇ ತುಂಗಾಬೆನ್, ಇವತ್ತು ಮುಂಬೈ ಪಾರ್ಟಿ ಬರ್ತಾರೆ. ಮಶೀನಿಗೆ ಅಗರಬತ್ತಿ ಬೆಳಗದೆ ಇರೋದುಂಟಾ?"

ತುಂಗಾ ಹರಿಹರದವರು. ರೈಲ್ವೆಯಲ್ಲಿರುವ ಪತಿ ಹಾಲೇಶರಿಗೆ ಅಹಮದಾಬಾದಿಗೆ ವರ್ಗವಾದಾಗ ಬಿಎಸ್ಸಿ ಓದನ್ನು ನಂಬಿ ಈ ಕೆಲಸ ಹಿಡಿದರು. ಸಕ್ಕರೆ ತಿಂದು ಗುಲಾಬಿಯ ಪರಿಮಳ ಕೊಡುವಂತೆ ಬ್ಯಾಕ್ಟೀರಿಯಾವನ್ನು ತಿದ್ದಿದವರು ವಡೋದರಾದ ವಿಜ್ಞಾನಿಗಳು. ಅದನ್ನು ಸಾಕುವವರು ಇವರು. "ಬಾಣಂತಿ ಮನೆ ಕೂಸಾದ್ರೂ ವಾಸಿ ಕಣ್ರೀ. ಇದಕ್ಕೆ ಚೂರು ಸೆಕೆಯಾದ್ರೂ ಮುನಿಸು, ಚೂರು ಥಂಡಿಯಾದ್ರೂ ಮುನಿಸು."

ಪರಿಮಳವನ್ನು ಅಳೆದು ತಿಳಿಸುವ ವರದಿ ವಡೋದರಾದಿಂದ ಬರಲು ವಾರ ಬೇಕು. ಅಲ್ಲಿಯವರೆಗೆ ಮೂಗೇ ಗತಿ. ಅದಕ್ಕಾಗಿ ತುಂಗಾ ಮಲ್ಲಿಗೆ ಮುಡಿಯುವುದಿಲ್ಲ, ಪೌಡರು ಹಚ್ಚುವುದಿಲ್ಲ. ಮನೆಯ ದೇವರಿಗೂ ಬರೀ ದೀಪ.

ದೀಪಾವಳಿಯ ಹೊತ್ತಿಗೆ ಒಮ್ಮೆ ಎಲ್ಲರ ಮೂಗಿಗೂ ಗುಲಾಬಿ ಬಡಿದಿತ್ತು. ಕಾರ್ಖಾನೆಗೆಲ್ಲ ಪೇಡಾ ಹಂಚಿದರು. ವಾರದ ಮೇಲೆ ಬಂದ ವರದಿ ಟ್ಯಾಂಕಿನಲ್ಲಿ ಏನೂ ಇಲ್ಲವೆಂದಿತು. ಘಮಘಮಿಸಿದ್ದು ಊದಿನಕಡ್ಡಿ! "ತಪ್ಪು ಮಾಡಿದ್ದು ಬತ್ತಿ, ಬೈಸಿಕೊಂಡಿದ್ದು ನನ್ನ ಬ್ಯಾಕ್ಟೀರಿಯಾ," ಎನ್ನುತ್ತಾರೆ ತುಂಗಾ. ಇದೊಂದು ಸಲ ಮಾತ್ರ ನೋಡೋಣ, ಪಾರ್ಟಿ ಒಪ್ಪದಿದ್ದರೆ ಲ್ಯಾಬು ಮುಚ್ಚಿ ಬಣ್ಣದ ಗೋದಾಮು ಮಾಡುವುದೇ ಸೈ ಎಂದಿದ್ದಾರೆ ಮಾಲೀಕರು.

ಈಗ ಕುಪ್ಪಿ ಹಿಡಿದು ಹೊರಗೆ ಓಡಿದರೆ ಅಲ್ಲಿ ನರೋಡಾದ ರಾಸಾಯನಿಕದ ಘಾಟು. ತುಂಗಾ ಮರಳಿ ಬಂದು ಎಲ್ಲರನ್ನೂ ಆಚೆ ಅಟ್ಟಿ, ಹೊಗೆ ಹೋಗುವವರೆಗೆ ಫ್ಯಾನು ಹಾಕಿ ಕಾಯುತ್ತಾರೆ. ಅಂತೂ ಮುಂಬೈ ಸೋಪು ಕಂಪನಿಯ ಏಜೆಂಟ್ ಬರುತ್ತಾನೆ. ಮಣಿಕಟ್ಟಿನ ತುಂಬ ಅತ್ತರು!

"ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇದೇ ನೋಡಿ," ಎಂದು ಹಣೆ ಚಚ್ಚಿಕೊಂಡ ತುಂಗಾ, ಸೋಪಿನ ಘಮವೂ ಬೇಡವೆಂದು ತಾವು ಕೈ ತೊಳೆಯಲು ಇಟ್ಟುಕೊಂಡಿದ್ದ ಕಡ್ಲೆಹಿಟ್ಟಿನ ಡಬ್ಬಿ ತಂದು ಅವನ ಮುಂದೆ ಹಿಡಿಯುತ್ತಾರೆ. ಸೋಪಿನ ಏಜೆಂಟ್ ಕಡ್ಲೆಹಿಟ್ಟಿನಲ್ಲಿ ಕೈ ತೊಳೆಯುತ್ತಾನೆ. ಕುಪ್ಪಿಗೆ ಬಗ್ಗಿದವನು ಮೊದಲು ಮುಖ ಕಿವಿಚುತ್ತಾನೆ, ಹುಳಿ ವಾಸನೆ. ಮತ್ತೆ ಬಗ್ಗುತ್ತಾನೆ. ಈ ಸಲ ಬೇಗ ತಲೆ ಎತ್ತುವುದಿಲ್ಲ.

"ಗುಲಾಬ್ ಹೈ," ಎನ್ನುತ್ತಾನೆ ಮೆಲ್ಲಗೆ. "ಮುಂದಿನ ಬ್ಯಾಚೂ ನಮಗೇ ಇರಲಿ."

ಲ್ಯಾಬು ಉಳಿಯಿತು. ಸಂತೋಷ ತಾಳಲಾರದೆ ರಮಣಿಕ್‌ಭಾಯಿ ಏನು ಮಾಡುತ್ತಾರೆ? ಇಡೀ ಕಟ್ಟು ಊದಿನಕಡ್ಡಿ ಹಚ್ಚುತ್ತಾರೆ.

ತುಂಗಾ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ.

"ನಂದೇನೂ ದೊಡ್ಡ ಆಸೆ ಇಲ್ರೀ," ಎನ್ನುತ್ತಾರೆ, ಕುಪ್ಪಿಯ ಬಾಯಿಗೆ ಅಂಗೈ ಮುಚ್ಚಿ. "ಒಂದು ದಿನ ಇದರಲ್ಲಿ ನಾಲ್ಕು ಹನಿ ನಮ್ಮ ಹರಿಹರೇಶ್ವರನ ಮುಂದೆ ಇಡ್ಬೇಕು. ಸುತ್ತ ಒಂದು ಕಡ್ಡಿನೂ ಹಚ್ಚಬಾರ್ದು. ಅವನಾದ್ರೂ ಸರಿಯಾಗಿ ಮೂಸಿ ನೋಡ್ಲಿ."