ಒಡೆಯಲೊಲ್ಲದ ಗಂಟಲು

ಬೆಳಗಿನ ಆರೂವರೆ. ಡಬ್ಬಿಂಗ್ ಕೋಣೆಯ ಬಾಗಿಲ ಹೊರಗೆ ಒಂದು ಜೊತೆ ಚಪ್ಪಲಿ, ಪಕ್ಕದ ಸ್ಟೂಲಿನ ಮೇಲೆ ಬಳೆ, ವಾಚು, ಕಿವಿಯೋಲೆ. ಸದ್ದು ಮಾಡಬಲ್ಲ ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ಒಳಗೆ ಐವತ್ತು ದಾಟಿದ ಹೆಂಗಸೊಬ್ಬರು ಕನ್ನಡಕವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ನಿಂತಲ್ಲೇ ಓಡುತ್ತಿದ್ದಾರೆ. ಎದುರಿನ ಪರದೆಯಲ್ಲಿ ಒಂಬತ್ತು ವರ್ಷದ ಹುಡುಗ ನದಿಯ ದಂಡೆಯ ಮೇಲೆ ಓಡುತ್ತಿದ್ದಾನೆ. ಅವನು ಎಡವಿದರೆ ಇವರು "ಅಯ್ಯೋ!" ಎನ್ನುತ್ತಾರೆ. ಅವನು ಮೂಗು ಒರೆಸಿಕೊಂಡರೆ ಇವರು ಸೊರ್ ಎಂದು ಮೂಗೆಳೆಯುತ್ತಾರೆ.

"ಗಂಟಲು ಬಿಸಿ ಆಯ್ತಾ, ಮರಿ?" ಗಾಜಿನಾಚೆಯಿಂದ ಸೌಂಡ್ ಎಂಜಿನಿಯರ್ ಕೇಳುತ್ತಾರೆ.

ಮರಿ ಎಂದರೆ ಇವರೇ. ಮೂವತ್ತು ವರ್ಷಗಳಿಂದ ಪರದೆಯ ಮೇಲಿನ ಮಕ್ಕಳಿಗೆ ದನಿ ಕೊಡುತ್ತಿರುವ ಇವರನ್ನು ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಮನೆಯಲ್ಲಿ ಮಾತಾಡುವ ದನಿಯೂ ಅದೇ, ಹತ್ತರ ಹುಡುಗನದು. "ಬ್ಯಾಂಕಿನವರು ಫೋನ್ ಮಾಡಿದ್ರೆ, ‘ಪುಟ್ಟಾ, ಮನೇಲಿ ದೊಡ್ಡವರು ಯಾರಿದ್ದಾರೆ’ ಅಂತಾರೆ. ನಾನೇ ಕಣ್ರೀ ದೊಡ್ಡವಳು ಅಂದ್ರೆ ನಕ್ಕು ಇಟ್ಬಿಡ್ತಾರೆ," ಎನ್ನುವ ಮರಿ ಬಾಳೆಹಣ್ಣು ಸುಲಿಯುತ್ತಾರೆ. ಅದು ಹಸಿವಿಗಲ್ಲ. "ಹೊಟ್ಟೆ ಗುರ್ ಅಂದ್ರೆ ಮೈಕು ಬಿಡಲ್ಲ. ಒಂದ್ಸಲ ದೆವ್ವದ ಸಿನಿಮಾಕ್ಕೆ ನನ್ನ ಹೊಟ್ಟೆ ಸದ್ದನ್ನೇ ಇಟ್ಕೊಂಡ್ರು. ಅದಕ್ಕೆ ಬೇರೆ ಸಂಬಳ ಕೊಡ್ಲಿಲ್ಲ."

ಈಗ ಕೈಯಲ್ಲಿರುವ ಚಿತ್ರ ದೊಡ್ಡ ಹಂಬಲದ್ದು. ದೋಣಿ ನಡೆಸುವವನ ಮಗನೊಬ್ಬ ಬಾಲ್ಯ ಕಳೆದು ದೊಡ್ಡವನಾಗುವ ಕಥೆ. ಬೇರೆ ಬೇರೆ ವಯಸ್ಸಿಗೆ ಬೇರೆ ಬೇರೆ ಹುಡುಗರನ್ನು ಹಾಕಲು ನಿರ್ದೇಶಕರು ಒಪ್ಪಲಿಲ್ಲ. ಒಬ್ಬನನ್ನೇ ಹಿಡಿದು, ಅವನು ಬೆಳೆದಂತೆಲ್ಲ ವರ್ಷಕ್ಕಿಷ್ಟು ಚಿತ್ರಿಸುತ್ತ ಆರು ವರ್ಷ ಕಾದರು. ಕಾದಷ್ಟು ದಿನವೂ ನಿರ್ಮಾಪಕರ ತಲೆಗೂದಲು ಉದುರಿತು. ನದಿಯ ಮೇಲೆ ಜನರೇಟರ್ ಗದ್ದಲದಲ್ಲಿ ಹುಡುಗನ ಮಾತು ಒಂದೂ ಸರಿಯಾಗಿ ದಾಖಲಾಗಲಿಲ್ಲ. ಹಾಗಾಗಿ ಪ್ರತಿ ವರ್ಷವೂ ಅವನ ಪಾಲಿನ ಮಾತು ಆಡಿದ್ದು ಮರಿ.

ಉಳಿದಿರುವುದು ಒಂದು ಮಾತು. ಅಲ್ಲಿಯೇ ಎಲ್ಲ ಸಿಕ್ಕಿಹಾಕಿಕೊಂಡಿದೆ. ಹೊಳೆ ಉಕ್ಕಿದಾಗ ಹುಡುಗ ತಂದೆಗೆ ಹೇಳಬೇಕು: "ಹುಟ್ಟು ನನ್ ಕೈಗೆ ಕೊಡು, ಅಪ್ಪಾ." ಹುಟ್ಟು ಎಂದರೆ ದೋಣಿ ನಡೆಸುವ ಮರದ ಹುಟ್ಟು. ಮಗುವಾಗಿ ಬಾಯಿ ತೆರೆದವನು ಆ ಪದದಲ್ಲೇ ಗಂಡಸಾಗಬೇಕು, ದನಿ ಅಲ್ಲೇ ಒಡೆಯಬೇಕು ಎಂಬುದು ನಿರ್ದೇಶಕರ ಹಟ. ಅಲ್ಲಿಂದ ಮುಂದಿನ ಮಾತೆಲ್ಲ ಹುಡುಗನ ಸ್ವಂತ ದನಿಯಲ್ಲಿ. ಇಂದು ಅದು ಆಗದಿದ್ದರೆ, ಎಳೆ ದನಿ, ಗಡಸು ದನಿ ಎರಡನ್ನೂ ಬಲ್ಲ ಕಲಾವಿದನೊಬ್ಬ ಹತ್ತು ಗಂಟೆಗೆ ಬರುತ್ತಾನೆ. ಮೊದಲಿನಿಂದ ಪೂರ್ತಿ ಪಾತ್ರ ಅವನದು. ಮರಿಯ ಆರು ವರ್ಷದ ಅಳು, ನಗು, ಬಿಕ್ಕಳಿಕೆ ಎಲ್ಲವೂ ಅಳಿಸಿಹೋಗುತ್ತದೆ.

"ಮೂವತ್ತು ವರ್ಷ ಒಡೀಬಾರ್ದು ಅಂತ ಕಾಪಾಡ್ಕೊಂಡು ಬಂದ ಗಂಟಲು. ಈಗ ಒಡಿ ಅಂದ್ರೆ ಅದಕ್ಕಾದ್ರೂ ನಂಬಿಕೆ ಬರಬೇಕಲ್ಲ!" ಎನ್ನುತ್ತಾರೆ ಮರಿ. ಐಸ್ ನೀರು ಕುಡಿದು ನೋಡಿದ್ದಾರೆ, ಮಹಡಿ ಹತ್ತಿ ಕೂಗಿದ್ದಾರೆ. ನೆಗಡಿಯಾಗಿ ಮಲಗಿ ಎದ್ದ ಮೇಲೆ ದನಿ ಮೊದಲಿಗಿಂತ ಸಣ್ಣಗಾಗಿತ್ತು. ಶಾಲಾ ಬಸ್ಸಿನ ಚಾಲಕರಾದ ಪತಿಯ ಕಷ್ಟ ಬೇರೆ. "ಪಕ್ಕದ ಮನೆಯವರು ಬಂದು, ಆ ಹುಡುಗನ್ನ ಯಾಕ್ರೀ ಹಾಗೆ ಹೊಡೀತೀರಾ ಅಂತ ಜಗಳಕ್ಕೆ ನಿಂತ್ರು. ಯಾವ ಹುಡುಗನ್ನ ತೋರಿಸ್ಲಿ ನಾನು?"

ಕೊನೆಯ ಉಪಾಯವಾಗಿ ಇಂದು ಚಿತ್ರದ ಆ ಹುಡುಗನನ್ನೇ ಕರೆಸಿದ್ದಾರೆ. ಅವನೀಗ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಉದ್ದ. ಮೂಗಿನ ಕೆಳಗೆ ಪೆನ್ಸಿಲ್ ಗೀರಿನಂಥ ಮೀಸೆ.

"ಹೇಗೆ ಒಡೀತಿತ್ತು, ತೋರಿಸೋ," ಎಂದು ಮರಿ ಕೇಳುತ್ತಾರೆ.

ಅವನು ಕೆಮ್ಮುತ್ತಾನೆ, ಕುತ್ತಿಗೆ ಚಾಚುತ್ತಾನೆ. ಬರುವುದು ಲಾರಿ ಸ್ಟಾರ್ಟ್ ಆದಂಥ ಸದ್ದು. "ಆಗ ಬೇಡ ಅಂದ್ರೂ ಒಡೀತಿತ್ತು, ದೊಡ್ಡಮ್ಮ. ಈಗ ಬರ್ತಾನೇ ಇಲ್ಲ."

"ಎಲ್ಲಿ ಹಾಕ್ಬಿಟ್ಟೆ?"

"ಬೀಳಿಸ್ಕೊಂಡೆ ಅನ್ಸುತ್ತೆ."

ಒಬ್ಬರಿಗೆ ಬಂದಿಲ್ಲ, ಇನ್ನೊಬ್ಬನಿಗೆ ಬಂದು ಹೋಗಿದೆ. ನಿರ್ದೇಶಕರು ಗಾಜಿನಾಚೆ ಉಗುರು ಕಚ್ಚುತ್ತಿದ್ದಾರೆ. ಮರಿ ಮೈಕಿನ ಮುಂದೆ ನಿಲ್ಲುತ್ತಾರೆ. ಪರದೆಯಲ್ಲಿ ಹೊಳೆ ಉಕ್ಕುತ್ತದೆ, ಹುಡುಗ ಬಾಯಿ ತೆರೆಯುತ್ತಾನೆ. "ಹು..." ಎಂದ ಮರಿಯ ನಾಲಿಗೆ ಒತ್ತಕ್ಷರಕ್ಕೆ ಅಂಟಿ ನಿಲ್ಲುತ್ತದೆ. ಮತ್ತೊಮ್ಮೆ. "ಹು..." ಮತ್ತೆ ಅಲ್ಲೇ. ಮೂರನೆಯ ಸಲ ಹಿಂದೆ ನಿಂತ ಹುಡುಗನ ತಾಳ್ಮೆ ಕೆಡುತ್ತದೆ. ಮನೆಯಲ್ಲಿ ಅಮ್ಮ ಪದಕ್ಕಾಗಿ ತಡಕಾಡುವಾಗ ಮಕ್ಕಳು ರೇಗಿ ಮಾತು ಮುಗಿಸುವಂತೆ, ಅವನು ಹಿಂದಿನಿಂದಲೇ ಗುಡುಗುತ್ತಾನೆ: "...ಟ್ಟು ನನ್ ಕೈಗೆ ಕೊಡು, ಅಪ್ಪಾ!"

"ಅಲ್ಲಾಡ್ಬೇಡಿ ಇಬ್ರೂ!" ಎಂಜಿನಿಯರ್ ಚೀರುತ್ತಾರೆ.

ಒತ್ತಕ್ಷರಕ್ಕೆ ನಾಲಿಗೆ ತಡೆಯುವಾಗ ಚಿಟಿಕೆಯಷ್ಟು ಮೌನವಿರುತ್ತದೆ. ಆ ಮೌನದ ಈಚೆ ಮರಿ, ಆಚೆ ಹುಡುಗ. ಅವನನ್ನು ಮೈಕಿನ ಹತ್ತಿರ ನಿಲ್ಲಿಸಿ ಇನ್ನೆರಡು ಸಲ ಹೇಳಿಸುತ್ತಾರೆ. ಎಂಜಿನಿಯರ್ ಆ ಮೌನದಲ್ಲೇ ಇಬ್ಬರ ದನಿಗೂ ಗಂಟು ಹಾಕಿ ಕೇಳಿಸುತ್ತಾರೆ. ಎಳೆಯ ದನಿಯೊಂದು ಹೊಳೆಯ ಮಧ್ಯೆ ಒಡೆದು ಗಡಸಾಗುತ್ತದೆ. ಎಲ್ಲಿ ಒಬ್ಬರು ಮುಗಿದು ಇನ್ನೊಬ್ಬರು ಶುರುವಾದರೆಂದು ತಿಳಿಯುವುದಿಲ್ಲ.

ನಿರ್ದೇಶಕರು ಕಣ್ಣು ಮುಚ್ಚಿ ಮತ್ತೆ ಕೇಳುತ್ತಾರೆ. ಮತ್ತೆ. ಆಮೇಲೆ ಫೋನ್ ತೆಗೆದು ಹತ್ತು ಗಂಟೆಯವನಿಗೆ ಬರುವುದು ಬೇಡ ಎನ್ನುತ್ತಾರೆ.

ಮರಿ ಮೈಕಿನಿಂದ ಪಕ್ಕಕ್ಕೆ ಸರಿಯುತ್ತಾರೆ. "ಈ ಹುಡುಗನ್ನ ನಾನು ಸಾಕಿದ್ದಾಯ್ತು. ಇನ್ಮುಂದೆ ಒಂದ್ಸಲನಾದ್ರೂ ನನ್ನ ವಯಸ್ಸಿನ ಹೆಂಗಸಾಗ್ಬೇಕು ನಾನು," ಎಂದು ನಗುತ್ತಾರೆ. ಆಮೇಲೆ ಹೆಡ್‌ಫೋನ್ ತೆಗೆದು ಹುಡುಗನ ಕೈಗಿಡುತ್ತಾರೆ.

"ತಗೋ. ಇಲ್ಲಿಂದ ನಿನ್ನ ಮಾತು ನೀನೇ ಆಡ್ಕೋ. ಆದ್ರೆ ಮೈಕಿಗೆ ಅಷ್ಟು ಹತ್ತಿರ ಹೋಗ್ಬೇಡ, ಉಗುಳು ಹಾರುತ್ತೆ."